ಕೈ ಕಂಡರೆ ಹೆದರುತ್ತಿದ್ದ ಬಡ್ಜಿಗಳು ಕೈಮೇಲೆ ಬಂದು ಕೂತದ್ದು

ಮುಂಬೈಯ ಮುಲುಂಡಿನ ಒಂದು ಮರಾಠಿ ಕುಟುಂಬಕ್ಕೆ ಬೇರೆ ಊರಿಗೆ ವರ್ಗವಾಯಿತು. ತಮ್ಮ ಎರಡು ಬಡ್ಜಿಗಳನ್ನು, ಅಂದರೆ ಬಡ್ಜರಿಗಾರ್ ಎಂಬ ಪುಟ್ಟ ಗಿಳಿಗಳನ್ನು, ನೋಡಿಕೊಳ್ಳುವವರನ್ನು ಹುಡುಕುತ್ತಿದ್ದರು. ಹಾಗೆ ಅವು ಡೊಂಬಿವಲಿಯ ನಮ್ಮ ಮನೆಗೆ ಬಂದವು. ಗಂಡು ಹಸಿರು, ಪಚ್ಚು. ಹೆಣ್ಣು ನೀಲಿ, ಅದರ ಹೆಸರೂ ನೀಲಿ. ಎರಡಕ್ಕೂ ಒಂದು ವರ್ಷ ದಾಟಿತ್ತು. ಬಾಲ್ಕನಿಯ ಪಂಜರದಲ್ಲಿ ಬೆಳೆದ ಹಕ್ಕಿಗಳು. ಹೊಟ್ಟೆಗೆ ಯಾವತ್ತೂ ಕಡಿಮೆಯಾಗಿರಲಿಲ್ಲ. ಆದರೆ ಮನುಷ್ಯರ ಕೈ ಅವುಗಳ ಹತ್ತಿರ ಬರುತ್ತಿದ್ದದ್ದು ಪಂಜರ ತೊಳೆಯಲು ಹಿಡಿಯುವಾಗ ಮಾತ್ರ.

‘ದೊಡ್ಡ ಹಕ್ಕಿಗಳು, ಅದರಲ್ಲೂ ಜೋಡಿ, ಇನ್ನು ಪಳಗೋದಿಲ್ಲ’ ಎಂದವರೇ ಜಾಸ್ತಿ. ಒಂಟಿ ಮರಿ ಬೇಗ ಪಳಗುತ್ತದೆ, ಅದು ನಿಜ. ಆದರೆ ಬಡ್ಜಿ ಗುಂಪಿನಲ್ಲಿ ಬಾಳುವ ಹಕ್ಕಿ. ಪಳಗಿಸುವ ಆಸೆಗೆ ಜೋಡಿ ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಎರಡೂ ಒಟ್ಟಿಗೇ ಇದ್ದು, ಒಟ್ಟಿಗೇ ಪಳಗಿದವು. ನಿಧಾನವಾಯಿತು, ಅಷ್ಟೇ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಕ್ಕಿ ಹೆದರಿ ಹಾರುವ ಮುಂಚೆ ನಿಮ್ಮ ಕೈ ಹಿಂದೆ ಬರಬೇಕು. ಹಾರಿದ ಮೇಲೆ ಹಿಂದೆ ತೆಗೆದರೆ, ಹಾರಿದ್ದರಿಂದಲೇ ಬಚಾವಾದೆ ಎಂದು ಹಕ್ಕಿ ಕಲಿಯುತ್ತದೆ. ಅದು ಸುಮ್ನೆ ಕೂತಿರುವಾಗಲೇ ತೆಗೆದರೆ, ಈ ಕೈ ನನ್ನ ಮಾತು ಕೇಳುತ್ತದೆ ಎಂದು ಗೊತ್ತಾಗುತ್ತದೆ. ಮುಂದೆ ನಾನು ಮಾಡಿದ್ದೆಲ್ಲ ಇದರ ಮೇಲೇ ನಿಂತಿದೆ.

ತರುವಾಗ ಅವರ ಹಳೇ ಪಂಜರ, ಬಟ್ಟಲು, ಕೂರುವ ಕಡ್ಡಿಗಳು ಎಲ್ಲವನ್ನೂ ಕೇಳಿ ತಂದೆ. ಅವರು ಹಾಕುತ್ತಿದ್ದ ಕಾಳನ್ನೂ ಬಿಡಲಿಲ್ಲ. ಮನೆ ಹೊಸದು, ಜನ ಹೊಸಬರು, ಸದ್ದು ಹೊಸದು. ಇಷ್ಟರ ಮಧ್ಯೆ ಬಟ್ಟಲಾದರೂ ಹಳೆಯದಿರಲಿ ಅಂತ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಟ್ಯಾಕ್ಸಿಯಲ್ಲಿ ಬಂದೆವು. ಪಂಜರಕ್ಕೆ ತೆಳುವಾದ ಹತ್ತಿ ಬಟ್ಟೆ ಹೊದಿಸಿದ್ದೆ. ನೀರಿನ ಬಟ್ಟಲು ಕುಲುಕಿ ಚೆಲ್ಲುತ್ತದೆ, ಅದನ್ನು ತೆಗೆದು ಒಂದು ತುಂಡು ಸೌತೆಕಾಯಿ ಸಿಕ್ಕಿಸಿದ್ದೆ.

ಹಳೇ ಪಂಜರದಲ್ಲಿ ಒಂದು ಮಣ್ಣಿನ ಮಡಕೆ ಇತ್ತು. ನಮ್ಮಲ್ಲಿ ಪಂಜರ ಕೊಂಡರೆ ಅಂಗಡಿಯವರು ಮಡಕೆಯನ್ನೂ ಜೊತೆಗೇ ಕೊಡುತ್ತಾರೆ. ಮರಿ ಮಾಡಿಸುವ ಇರಾದೆ ಇಲ್ಲದಿದ್ದರೆ ಮಡಕೆ ಬೇಡವೇ ಬೇಡ. ಹೆಣ್ಣು ಅದನ್ನು ಗೂಡು ಮಾಡಿಕೊಂಡು ಕಾಯಲು ಶುರು ಮಾಡುತ್ತದೆ, ಹತ್ತಿರ ಬಂದ ಕೈಯನ್ನು ಕಚ್ಚುತ್ತದೆ. ಮೊಟ್ಟೆಯ ಮೇಲೆ ಮೊಟ್ಟೆ ಇಟ್ಟು ಸೊರಗುವುದೂ ಉಂಟು. ಒಳಗೆ ಮೊಟ್ಟೆ ಇಲ್ಲವೆಂದು ನೋಡಿ ಮೊದಲ ದಿನವೇ ತೆಗೆದೆ. ಎಷ್ಟು ಕಷ್ಟಪಟ್ಟರೂ ಹೆಣ್ಣು ಹಕ್ಕಿ ಪಳಗುತ್ತಿಲ್ಲ ಎನ್ನುವವರ ಪಂಜರದಲ್ಲಿ ಎಷ್ಟೋ ಸಲ ಈ ಮಡಕೆ ಇರುತ್ತದೆ.

ಪಂಜರವನ್ನು ಹಾಲ್‌ನ ಮೂಲೆಯಲ್ಲಿ, ನಮ್ಮ ಎದೆಯ ಎತ್ತರಕ್ಕೆ, ಬೆನ್ನಿಗೆ ಗೋಡೆ ಬರುವಂತೆ ಇಟ್ಟೆ. ನಾಲ್ಕೂ ಕಡೆ ತೆರೆದಿದ್ದರೆ ಹಕ್ಕಿಗೆ ಯಾವ ದಿಕ್ಕಿಂದ ಏನು ಬರುತ್ತದೋ ಎಂಬ ಭಯ. ಬಾಲ್ಕನಿ ಬೇಡ ಎಂದೆ. ಮುಂಬೈಯಲ್ಲಿ ಕಾಗೆ, ಹದ್ದು, ಬೆಕ್ಕುಗಳಿಗೆ ಬರವಿಲ್ಲ. ಬೆಕ್ಕಿಗೆ ಕೈಹಾಕಲು ಆಗದಿದ್ದರೂ ಅದು ಎದುರು ಕೂತು ನೋಡಿದರೆ ಸಾಕು, ಹಕ್ಕಿಗೆ ಜೀವ ಹೋಗುತ್ತದೆ.

ಅಡುಗೆಮನೆಯ ಹತ್ತಿರವಂತೂ ಇಡಲೇಬಾರದು. ನಾನ್‌ಸ್ಟಿಕ್ ತವಾ ಜಾಸ್ತಿ ಕಾದರೆ ಅದರ ಲೇಪದಿಂದ ಹೊರಡುವ ಹೊಗೆ ಕಣ್ಣಿಗೆ ಕಾಣದೆಯೇ ಹಕ್ಕಿಗಳನ್ನು ಕೊಲ್ಲುತ್ತದೆ. ಹಕ್ಕಿಯ ಶ್ವಾಸಕೋಶ ಅಷ್ಟು ಸೂಕ್ಷ್ಮ. ನಮ್ಮಲ್ಲಿ ಈಗ ನೀರುದೋಸೆಗೆ ಕಬ್ಬಿಣದ ಕಾವಲಿ ಮಾತ್ರ. ಸೊಳ್ಳೆ ಬತ್ತಿ, ಊದುಬತ್ತಿ, ಸೆಂಟ್ ಸ್ಪ್ರೇ, ಜಿರಳೆ ಸ್ಪ್ರೇ ಎಲ್ಲವೂ ಬಂದ್. ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿದೆವು.

ಮೊದಲ ದಿನ ಎರಡೂ ಕಡ್ಡಿಯ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಅಲುಗಾಡದೆ ಕೂತವು. ಹೊಸ ಜಾಗದಲ್ಲಿ ಹೀಗೆ ಆಗುತ್ತದೆ. ತಿನ್ನುತ್ತಿವೆಯೋ ಇಲ್ಲವೋ ಎಂದು ತಿಳಿಯಲು ಬಟ್ಟಲು ನೋಡಿದರೆ ಸಾಲದು. ಬಡ್ಜಿ ಕಾಳನ್ನು ಕೊಕ್ಕಿನಲ್ಲೇ ಸುಲಿದು ಹೊಟ್ಟನ್ನು ಬಟ್ಟಲಿಗೇ ಉದುರಿಸುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದಂತೆಯೇ ಇರುತ್ತದೆ, ಒಳಗೆ ಬರೀ ಹೊಟ್ಟು. ದಿನಾ ಎರಡು ಹೊತ್ತು ಬಟ್ಟಲು ಹೊರಗೆ ತಂದು ಉಫ್ ಎಂದು ಊದಬೇಕು. ಕೆಳಗೆ ಹಾಸಿದ ಕಾಗದವನ್ನೂ ನೋಡಬೇಕು. ಆರೋಗ್ಯವಾಗಿರುವ ಹಕ್ಕಿಯ ಹಿಕ್ಕೆ ಕಡು ಹಸಿರು, ಮಧ್ಯೆ ಬಿಳಿ, ಗಟ್ಟಿ. ತಿನ್ನದ ಹಕ್ಕಿಯ ಹಿಕ್ಕೆ ಕಡಿಮೆಯಾಗುತ್ತದೆ, ನೀರಾಗುತ್ತದೆ. 30–40 ಗ್ರಾಂ ತೂಗುವ ಜೀವ ಅದು. ಪೂರ್ತಿ ಒಂದು ದಿನ ತಿನ್ನದಿದ್ದರೆ ಕಾಯುವಂತಿಲ್ಲ. ಹಸಿವಿನಲ್ಲಿಟ್ಟರೆ ಬೇಗ ಕೈಗೆ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ.

ಮೊದಲ ವಾರ ಕೈಗೆ ಕೆಲಸವೇ ಇರಲಿಲ್ಲ. ಕಾಳು, ನೀರು, ಕಾಗದ ಬದಲಿಸುವುದು, ಅದೂ ಹೊತ್ತಿಗೆ ಸರಿಯಾಗಿ, ಮೆಲ್ಲಗೆ, ‘ಬಂದೆ ಪಚ್ಚು, ಬಂದೆ ನೀಲಿ’ ಎಂದು ಹೇಳುತ್ತಾ. ಉಳಿದ ಹೊತ್ತು ಪಂಜರದಿಂದ ನಾಲ್ಕಡಿ ದೂರ ಕುರ್ಚಿ ಹಾಕಿ, ಅವಕ್ಕೆ ಓರೆಯಾಗಿ ಕೂತು, ‘ಕರ್ನಾಟಕ ಮಲ್ಲ’ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ನೆಟ್ಟ ಕಣ್ಣಿನಿಂದ ನೋಡುವುದು ಬೇಟೆಗಾರ ಪ್ರಾಣಿಗಳು. ಓದುತ್ತಾ ಕೂತವರ ಬಗ್ಗೆ ಹಕ್ಕಿಗೆ ಭಯ ಬೇಗ ಇಳಿಯುತ್ತದೆ, ದನಿಯೂ ಪರಿಚಯವಾಗುತ್ತದೆ. ಕುರ್ಚಿ ದಿನಕ್ಕೆ ಅಂಗೈಯಷ್ಟು ಮುಂದೆ ಬರುತ್ತಿತ್ತು.

ಈ ಹೊತ್ತಿನಲ್ಲಿ ಅವುಗಳ ಮೈ ಓದಲು ಕಲಿತೆ. ಹೆದರಿದಾಗ ಗರಿಗಳೆಲ್ಲ ಮೈಗೆ ಬಿಗಿದು, ಹಕ್ಕಿ ಉದ್ದಕ್ಕೆ ತೆಳ್ಳಗಾಗುತ್ತದೆ, ಕುತ್ತಿಗೆ ನೀಳವಾಗುತ್ತದೆ. ಅದಕ್ಕೂ ಮುಂಚೆ ಇನ್ನೊಂದು ಚಿಕ್ಕ ಸೂಚನೆ ಇದೆ. ತಿನ್ನುತ್ತಿದ್ದದ್ದು ನಿಲ್ಲಿಸುತ್ತದೆ, ಅಥವಾ ಒಂದು ಹೆಜ್ಜೆ ಆಚೆ ಸರಿಯುತ್ತದೆ. ಕೈ ನಿಲ್ಲಬೇಕಾದದ್ದು ಅಲ್ಲಿ. ನೆಮ್ಮದಿಯಾದರೆ ಗರಿ ಉಬ್ಬಿಸಿ ಒಮ್ಮೆ ಮೈ ಕೊಡವುತ್ತದೆ, ಕೊಕ್ಕಿನಿಂದ ಗರಿ ಬಾಚಿಕೊಳ್ಳುತ್ತದೆ, ಒಂದು ಕಾಲು ಮಡಚುತ್ತದೆ. ಒಂದು ಸಂಜೆ ನಾನು ಪಕ್ಕದಲ್ಲೇ ಇರುವಾಗ ಪಚ್ಚು ಕಣ್ಣು ಅರೆ ಮುಚ್ಚಿ ಕರಕರ ಎಂದು ಕೊಕ್ಕು ಮಸೆಯಿತು. ನಿದ್ದೆಗೆ ಜಾರುವ ಹಕ್ಕಿಯ ಸದ್ದು ಅದು. ಅಂದು ಎಷ್ಟು ಖುಷಿಯಾಯಿತೆಂದರೆ, ಅಲ್ಲಾಡದೆ ಕೂತೇ ಇದ್ದೆ.

ಆಮೇಲೆ ನವಣೆ ತೆನೆ ತಂದೆ. ಇಲ್ಲಿನ ಹಕ್ಕಿ ಅಂಗಡಿಗಳಲ್ಲಿ ಬಿಡಿ ನವಣೆಯನ್ನು ಕಾಂಗ್ನಿ ಎಂದು ಕೇಳಿದರೆ ಕೊಡುತ್ತಾರೆ. ತೆನೆಯೇ ಬೇಕೆಂದರೆ ಒತ್ತಿ ಹೇಳಬೇಕು. ಬಡ್ಜಿಗೆ ತೆನೆಗಿಂತ ಇಷ್ಟದ್ದು ಇನ್ನೊಂದಿಲ್ಲ. ನಾನು ಅದನ್ನು ಬಟ್ಟಲಿಗೆ ಹಾಕಲೇ ಇಲ್ಲ. ತೆನೆ ಬರುವುದು ನನ್ನ ಕೈಯಿಂದ ಮಾತ್ರ. ಮೊದಲು ಸರಳುಗಳ ಹೊರಗಿನಿಂದ, ಉದ್ದ ಕಾಂಡ ಹಿಡಿದು. ಪಚ್ಚು ಕುತ್ತಿಗೆ ಚಾಚಿ ಒಂದು ಕಾಳು ಕಿತ್ತು ಓಡಿತು. ಮತ್ತೆ ಬಂತು. ನೀಲಿ ಹಿಂದೆ ನಿಂತು ಅದನ್ನೇ ನೋಡುತ್ತಿತ್ತು. ಜೋಡಿ ಇದ್ದರೆ ಇದೇ ಲಾಭ. ಧೈರ್ಯದ್ದು ತಿಂದು ಬಚಾವಾದದ್ದನ್ನು ಕಂಡು ಪುಕ್ಕಲದ್ದೂ ಬರುತ್ತದೆ.

ಬಾಗಿಲು ತೆಗೆದು ಕೈ ಒಳಗೆ ಹಾಕಿದ್ದು ಅದಾದ ಎಷ್ಟೋ ದಿನಗಳ ಮೇಲೆ. ಕೈ ಯಾವಾಗಲೂ ಕೆಳಗಿನಿಂದ, ಹಕ್ಕಿಯ ಹೊಟ್ಟೆಯ ಮಟ್ಟಕ್ಕೆ ಹೋಗಬೇಕು. ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ ಇದು. 1840ರಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಇಂಗ್ಲೆಂಡಿಗೆ ಜೀವಂತ ತಂದ ಮೇಲೆ ಮನೆಮನೆಗಳಲ್ಲಿ ಸಾಕಲು ಶುರುವಾಯಿತು. ಆದರೂ ಮೇಲಿನಿಂದ ಬಂದದ್ದೆಲ್ಲ ಗಿಡುಗ ಎನ್ನುವ ಭಯ ಅದರ ರಕ್ತದಿಂದ ಹೋಗಿಲ್ಲ. ಕೈ ಬಾಗಿಲ ಬಳಿ ಇಟ್ಟು, ಎರಡೂ ಸುಮ್ನೆ ಇದ್ದರೆ ಒಂದೆರಡು ಉಸಿರು ನಿಂತು, ಹಿಂದೆ ತೆಗೆಯುತ್ತಿದ್ದೆ. ಮತ್ತೆ ಅದೇ. ಬೆಳಿಗ್ಗೆ ತಿಂಡಿಗೆ ಮುಂಚೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ.

ಮುಲ್ಕಿಯಿಂದ ಬಂದಿದ್ದ ಚಿಕ್ಕಮ್ಮ ಇದನ್ನು ನೋಡಿ, “ಒಮ್ಮೆ ಗಟ್ಟಿ ಹಿಡಿದು ಕೈಯಲ್ಲಿ ಇಟ್ಟುಕೋ ಮಾರಾಯ್ತಿ, ಎರಡು ದಿನದಲ್ಲಿ ಅಭ್ಯಾಸ ಆಗ್ತದೆ” ಎಂದರು. “ಹಿಡಿದರೆ ಸುಮ್ಮನಾಗ್ತದೆ ಚಿಕ್ಕಮ್ಮ, ಆದರೆ ಹೆದರಿ ಸುಮ್ಮನಾಗೋದು” ಎಂದೆ. ಮುಷ್ಟಿಯೊಳಗೆ ಅಲುಗಾಡದ ಹಕ್ಕಿ ಪಳಗಿದ ಹಕ್ಕಿಯಲ್ಲ. ಎದೆ ಒತ್ತಿದರೆ ಅದಕ್ಕೆ ಉಸಿರಾಡಲೂ ಆಗುವುದಿಲ್ಲ, ಎದೆಗೂಡು ಹಿಗ್ಗಿದರೆ ತಾನೇ ಗಾಳಿ ಒಳಗೆ ಹೋಗುವುದು. ರೆಕ್ಕೆ ಕತ್ತರಿಸಲೂ ನಾನು ಒಪ್ಪಲಿಲ್ಲ. ಹಾರಿಹೋಗುವ ದಾರಿ ಇದ್ದೂ ಬಂದು ಕೂತರೆ ಅದು ಬಂದದ್ದು.

ಪಚ್ಚು ಕೈ ಹತ್ತಿದ ಬಗೆ ಹೀಗೆ. ಎಡಗೈಯಲ್ಲಿ ತೆನೆ, ಬಲಗೈಯ ತೋರುಬೆರಳು ಕಡ್ಡಿಯ ಹಾಗೆ ಅಡ್ಡಕ್ಕೆ, ಅದರ ಎದೆಗೂ ತೆನೆಗೂ ಮಧ್ಯೆ. ತೆನೆ ಸಿಗಬೇಕಾದರೆ ಬೆರಳು ದಾಟಬೇಕು. ಅದು ತೆನೆ ನೋಡಿತು, ಬೆರಳು ನೋಡಿತು. ಬಾಗಿ ಕೊಕ್ಕಿನಿಂದ ಬೆರಳನ್ನು ಮೆಲ್ಲಗೆ ಕಚ್ಚಿ ಹಿಡಿಯಿತು. ಅನೇಕರು ಇಲ್ಲೇ ಬೆರಳು ಎಳೆದುಕೊಳ್ಳುತ್ತಾರೆ. ಅದು ಕಚ್ಚುವುದಲ್ಲ, ಈ ಕೊಂಬೆ ಗಟ್ಟಿ ಇದೆಯೇ ಎಂದು ಪರೀಕ್ಷೆ ಮಾಡುವುದು. ಬೆರಳು ಅಲುಗಲಿಲ್ಲ. ಒಂದು ಕಾಲು ಬಂತು, ಮುಂದೆ ಎರಡು ಬೆರಳು, ಹಿಂದೆ ಎರಡು ಬೆರಳು, ಬೆಚ್ಚಗೆ, ಉಗುರಿನ ತುದಿ ಸ್ವಲ್ಪ ಚುಚ್ಚುತ್ತಾ. ಕಾಲು ತೆಗೆಯಿತು. ಮತ್ತೆ ಇಟ್ಟಿತು. ಆಮೇಲೆ ಇನ್ನೊಂದು ಕಾಲು. ತೂಕವೇ ಗೊತ್ತಾಗಲಿಲ್ಲ. ತೆನೆ ತಿನ್ನತೊಡಗಿತು, ಹೊಟ್ಟು ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಎರಡು ಮೂರು ಕಾಳು ತಿಂದ ಮೇಲೆ ಅದನ್ನು ನಾನೇ ವಾಪಸು ಕಡ್ಡಿಯ ಮೇಲೆ ಬಿಟ್ಟೆ.

ನೀಲಿ ಬೇರೆ ತರಹದ್ದು. ಮೂಗಿನ ಮೇಲೆ ಕಂದು ಬಣ್ಣದ ಹೆಣ್ಣುಗಳು ನೀಲಿ ಮೂಗಿನ ಗಂಡುಗಳಿಗಿಂತ ಜೋರು, ಕೊಕ್ಕಿಗೂ ಬಲ ಜಾಸ್ತಿ. ಅದು ನಿಜವಾಗಿಯೇ ಕಚ್ಚುತ್ತಿತ್ತು. ಕಚ್ಚಿದಾಗ ನಾನು ಬೈಯಲೂ ಇಲ್ಲ, ಕೈ ಕಿತ್ತುಕೊಳ್ಳಲೂ ಇಲ್ಲ. ಸ್ವಲ್ಪ ತಡೆದು ಕೈ ಇಳಿಸಿ, ಮಾರನೇ ದಿನ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡುತ್ತಿದ್ದೆ. ಅದನ್ನು ಗೆದ್ದದ್ದು ತೆನೆಯಲ್ಲ, ಕೊತ್ತಂಬರಿ ಸೊಪ್ಪು. ತೊಳೆದು ನೀರು ತೊಟ್ಟಿಕ್ಕುವ ಒಂದು ಕಂತೆಯನ್ನು ಕೈಯಲ್ಲಿ ಹಿಡಿದೆ. ನೀಲಿ ಒದ್ದೆ ಎಲೆಗಳಿಗೆ ಕೆನ್ನೆ ಉಜ್ಜಿತು, ಆಮೇಲೆ ಎದೆ, ಆಮೇಲೆ ಇಡೀ ಮೈ. ಸ್ನಾನದ ಸಂಭ್ರಮದಲ್ಲಿ ನನ್ನ ಬೆರಳ ಮೇಲೆ ಹತ್ತಿದ್ದು ಅದಕ್ಕೆ ಗಮನವೇ ಇರಲಿಲ್ಲ. ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಕ್ಯಾರೆಟ್ ತುರಿಯನ್ನೂ ಈಗ ತಿನ್ನುತ್ತವೆ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಉಪ್ಪಿನ ತಿಂಡಿ, ಚಹಾ ಇವು ಹಕ್ಕಿಗೆ ವಿಷ.

ಮಳೆಗಾಲದ ಬಗ್ಗೆ ಒಂದು ಮಾತು. ಜೂನ್ ಬಂದರೆ ಇಲ್ಲಿ ಕಾಳಿಗೆ ಬೂಸ್ಟು ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ತಂದು ಸ್ಟೀಲ್ ಡಬ್ಬಿಯಲ್ಲಿಡಿ, ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ಪಂಜರದಿಂದ ಹೊರಗೆ ಬಿಡುವ ಮುಂಚೆ ಮೊದಲ ಕೆಲಸ ಸೀಲಿಂಗ್ ಫ್ಯಾನ್ ಆರಿಸುವುದು. ಫ್ಯಾನಿನ ರೆಕ್ಕೆ ಪೂರ್ತಿ ನಿಂತ ಮೇಲೇ ಪಂಜರದ ಬಾಗಿಲು. ನಮ್ಮಲ್ಲಿ ಸ್ವಿಚ್ಚಿನ ಮೇಲೆ ಟೇಪ್ ಹಚ್ಚುತ್ತೇವೆ, ಹೊರಗಿನಿಂದ ಬಂದವರು ಸೆಕೆ ಎಂದು ಒತ್ತದಿರಲಿ ಅಂತ. ಕಿಟಕಿ ಗಾಜಿಗೆ ಪರದೆ, ಕನ್ನಡಿಗೆ ಬಟ್ಟೆ, ಬಕೆಟ್ಟಿಗೆ ಮುಚ್ಚಳ. ವಾಪಸು ಹೋಗಲು ಅಟ್ಟಿಸಿಕೊಂಡು ಓಡಬೇಡಿ. ಹೊರಗೆ ಏನೂ ತಿನ್ನಲು ಕೊಡದೆ ಸಂಜೆಯ ಕಾಳನ್ನು ಪಂಜರದೊಳಗೆ ಇಟ್ಟರೆ ತಾವೇ ಹೋಗುತ್ತವೆ. ಬೆಳಕು ಕುಂದಿದರೆ ಇನ್ನೂ ಬೇಗ.

ರಾತ್ರಿ ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು ಅವಕ್ಕೆ. ಗಣಪತಿ ವಿಸರ್ಜನೆಯ ಢೋಲ್, ದೀಪಾವಳಿಯ ಪಟಾಕಿ ಇರುವ ರಾತ್ರಿಗಳಲ್ಲಿ ಪಂಜರವನ್ನು ಒಳಗಿನ ಕೋಣೆಗೆ ಒಯ್ದು ಚಿಕ್ಕ ದೀಪ ಹಚ್ಚಿಡುತ್ತೇನೆ. ಪೂರ್ತಿ ಕತ್ತಲೆಯಲ್ಲಿ ಬೆಚ್ಚಿದರೆ ಸರಳಿಗೆ ಬಡಿದುಕೊಂಡು ರಕ್ತ ಬರುತ್ತದೆ.

ಈಗ ಕಲಿಸುತ್ತಿರುವುದು ಚಿಕ್ಕ ಪ್ರಯಾಣದ ಪೆಟ್ಟಿಗೆಗೆ ತಾವೇ ಹೋಗುವುದನ್ನು. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಗರಿ ಉಬ್ಬಿಸಿ ಪಂಜರದ ತಳದಲ್ಲಿ ಕೂತರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿದರೆ ಅಂದೇ ವೈದ್ಯರ ಹತ್ತಿರ ಹೋಗಬೇಕು. ಹಕ್ಕಿ ನೋಡುವ ವೈದ್ಯರು ಎಲ್ಲಾ ಕಡೆ ಇರುವುದಿಲ್ಲ, ಡೊಂಬಿವಲಿಯಿಂದ ಪರೇಲಿನ ಪ್ರಾಣಿ ಆಸ್ಪತ್ರೆಯವರೆಗೆ ಹೋಗಬೇಕಾದರೂ ದಾರಿ ದೂರ. ಆ ದಿನ ಹಿಡಿದು ತುರುಕುವ ಪ್ರಸಂಗ ಬರಬಾರದು. ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ತೆನೆ ಕಟ್ಟಿ ಹಾಲ್‌ನಲ್ಲಿ ಇಟ್ಟಿದ್ದೇನೆ. ಪಚ್ಚು ಒಳಗೆ ಹೋಗಿ ತಿನ್ನುತ್ತದೆ. ನೀಲಿ ಸದ್ಯಕ್ಕೆ ಪೆಟ್ಟಿಗೆಯ ಮೇಲೆ ಕೂತು ಅದನ್ನು ಕರೆಯುತ್ತದೆ.