ಹೆತ್ತವರ ಆರೈಕೆಯ ಖರ್ಚನ್ನು ಮಕ್ಕಳು ಹಂಚಿಕೊಳ್ಳುವುದು ಹೇಗೆ?

ವಯಸ್ಸಾದ ತಂದೆ ತಾಯಿಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ದಾವಣಗೆರೆ, ಚಿತ್ರದುರ್ಗ ಸೀಮೆಯ ಅನೇಕ ಮನೆಗಳಲ್ಲಿ ಮೊದಲ ಬಾರಿಗೆ ಏಳುವುದು ಆಸ್ಪತ್ರೆಯ ಬಿಲ್ಲು ಕೈಗೆ ಬಂದ ದಿನ. ಸೊಂಟದ ಮೂಳೆ ಮುರಿದ ತಾಯಿಯನ್ನು ಮನೆಗೆ ಕರೆದೊಯ್ಯಬೇಕಾದ ಆ ಹೊತ್ತಿನಲ್ಲಿ, ನಿದ್ದೆಗೆಟ್ಟ ಅಣ್ಣತಮ್ಮಂದಿರ ನಡುವೆ ಆಡಿದ ಒಂದೆರಡು ಮಾತುಗಳು ವರ್ಷಗಟ್ಟಲೆ ಮನಸ್ತಾಪವಾಗಿ ಉಳಿಯುತ್ತವೆ. ಆದ್ದರಿಂದ ಈ ಲೆಕ್ಕವನ್ನು ಹೆತ್ತವರು ಇನ್ನೂ ಓಡಾಡಿಕೊಂಡಿರುವಾಗಲೇ, ಅವರನ್ನೂ ಕೂರಿಸಿಕೊಂಡು ಮಾಡಬೇಕು. ಜೊತೆಗೆ, ಹಣ ಕಳುಹಿಸುವವರನ್ನು ಮಾತ್ರ ಖರ್ಚು ಹೊತ್ತವರೆಂದು ಎಣಿಸುವ ನಮ್ಮ ರೂಢಿಯನ್ನು ಬಿಡಬೇಕು. ರಾತ್ರಿ ಎದ್ದು ಕೂರಿಸುವ, ಸ್ನಾನ ಮಾಡಿಸುವ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಕೈಗಳೂ ಆ ಖರ್ಚಿನ ಪಾಲನ್ನೇ ಹೊರುತ್ತಿವೆ.

ಮೊದಲು ಪಟ್ಟಿ ಬರೆಯಿರಿ

ಒಂದು ನೋಟ್‌ಪುಸ್ತಕ ತೆಗೆದುಕೊಂಡು ಮೂರು ತಿಂಗಳ ಖರ್ಚನ್ನು ಬರೆದಿಟ್ಟರೆ ಸರಾಸರಿ ತಾನಾಗಿ ಸಿಗುತ್ತದೆ. ಊಟ, ಹಾಲು, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ಪರೀಕ್ಷೆ, ಆಸ್ಪತ್ರೆಗೆ ಹೋಗಿಬರುವ ಆಟೊ ಬಾಡಿಗೆ, ಹಾಸಿಗೆ ಹಿಡಿದವರಿಗಾದರೆ ಡೈಪರ್, ಇವೆಲ್ಲ ತಿಂಗಳ ಖರ್ಚುಗಳು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು, ಬಚ್ಚಲಿಗೆ ಹಾಕಿಸುವ ಹಿಡಿಕಂಬಿ ಇತ್ಯಾದಿ ಯಾವಾಗಲೋ ಒಮ್ಮೆ ಬರುವ ಖರ್ಚುಗಳಾದ್ದರಿಂದ ಅವನ್ನು ಬೇರೆ ಪುಟದಲ್ಲಿ ಬರೆಯಬೇಕು. ಎರಡನ್ನೂ ಬೆರೆಸಿದರೆ ಯಾರ ಲೆಕ್ಕವೂ ಸರಿಹೋಗುವುದಿಲ್ಲ.

ಪಟ್ಟಿಯ ಕೊನೆಯಲ್ಲಿ ಆರೈಕೆಯ ದುಡಿಮೆಗೂ ಒಂದು ಸಾಲು ಇರಲಿ. ನಿಮ್ಮ ಊರಿನಲ್ಲಿ ಹಗಲು ಹೊತ್ತು ನೋಡಿಕೊಳ್ಳುವ ಹೆಂಗಸನ್ನು ಸಂಬಳಕ್ಕೆ ಇಟ್ಟುಕೊಂಡರೆ ಎಷ್ಟು ಕೊಡಬೇಕಾಗುತ್ತದೆ ಎಂದು ವಿಚಾರಿಸಿ, ಆ ಮೊತ್ತವನ್ನು ಅಥವಾ ಅದರ ಒಂದು ಭಾಗವನ್ನು ಅಲ್ಲಿ ಬರೆಯಿರಿ. ಮನೆಯವರ ಸೇವೆಗೆ ಬೆಲೆ ಕಟ್ಟುವುದು ಸಲ್ಲದು ಎಂದು ಹಿರಿಯರೇ ಮೊದಲು ಆಕ್ಷೇಪಿಸಬಹುದು. ಅವರ ಭಾವನೆಯನ್ನು ಗೌರವಿಸೋಣ. ಆದರೆ ಬೆಲೆ ಕಟ್ಟದೇ ಇದ್ದುದರಿಂದ ಈವರೆಗೆ ನಷ್ಟವಾಗಿರುವುದು ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಎಂಬುದನ್ನು ಅವರಿಗೆ ತಾಳ್ಮೆಯಿಂದ ತಿಳಿಸಿ ಹೇಳಬೇಕಾಗುತ್ತದೆ.

ಹಿರಿಯರ ಸ್ವಂತ ಆದಾಯ

ನಂತರ ಹಿರಿಯರಿಗೆ ಬರುವ ಹಣವನ್ನು ಲೆಕ್ಕ ಹಾಕಿ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದು ನಿವೃತ್ತರಾದ ಕೆಲವರಿಗೆ ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯಿಂದ ಹಣ ಬರುತ್ತದೆ. ಇದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಬೇರೆ ಆಸರೆಯಿಲ್ಲದ, 65 ವರ್ಷ ದಾಟಿದ ಬಡವರು ಸಂಧ್ಯಾ ಸುರಕ್ಷಾ ಯೋಜನೆಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ತಿಂಗಳಿಗೆ 1,200 ರೂಪಾಯಿ ಪಡೆಯಬಹುದು. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರ ಸರ್ಕಾರದ ಪಾಲು 80 ವರ್ಷದೊಳಗಿನವರಿಗೆ ಕೇವಲ 200 ರೂಪಾಯಿ, ಆ ಬಳಿಕ 500 ರೂಪಾಯಿ. ವೃದ್ಧಾಪ್ಯದಲ್ಲಿ ನೆರವು ನೀಡಬೇಕೆಂದು ಸಂವಿಧಾನದ 41ನೇ ವಿಧಿ ಸರ್ಕಾರಕ್ಕೆ ಹೇಳಿರುವಾಗ, ತಿಂಗಳ ಹಾಲಿನ ಖರ್ಚಿಗೂ ಸಾಲದ ಈ ಪಾಲು ಹೆಚ್ಚಲೇಬೇಕು. ಮಕ್ಕಳು ಹೊಣೆ ಹೊರಬೇಕು ಎಂದು ಬರೆಯುವಾಗ ಸರ್ಕಾರದ ಹೊಣೆ ತೀರಿತು ಎಂದು ಯಾರೂ ಓದಿಕೊಳ್ಳಬಾರದು.

ಹಿರಿಯರ ಹಣ ಅವರ ಹೆಸರಿನ ಖಾತೆಗೇ ಬರಲಿ, ಎ.ಟಿ.ಎಂ. ಕಾರ್ಡು ಅವರ ಬಳಿಯೇ ಇರಲಿ. ಆ ಹಣದಲ್ಲಿ ಒಂದಿಷ್ಟನ್ನು ಖರ್ಚಿನ ಲೆಕ್ಕಕ್ಕೆ ಸೇರಿಸದೆ ಅವರ ಇಷ್ಟಕ್ಕೇ ಬಿಡಬೇಕು. ಮೊಮ್ಮಗುವಿಗೆ ಹತ್ತು ರೂಪಾಯಿ ಕೊಡುವುದಕ್ಕೂ, ಉಚ್ಚಂಗಿದುರ್ಗಕ್ಕೆ ಹೋಗಿಬರುವುದಕ್ಕೂ ಮಗನನ್ನು ಕೇಳಬೇಕಾದ ಸ್ಥಿತಿ ಯಾವ ತಾಯಿಗೂ ಬರಬಾರದು.

ಹೊಣೆ ಯಾರದು, ಯಾರಿಗೆ ಎಷ್ಟು?

ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ, 2007ರ ಪ್ರಕಾರ, ತಮ್ಮ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕು ಸಾಗಿಸಲಾಗದ ಹೆತ್ತವರನ್ನು ನೋಡಿಕೊಳ್ಳುವ ಹೊಣೆ ಪ್ರಾಪ್ತ ವಯಸ್ಸಿನ ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಮೊಮ್ಮಕ್ಕಳ ಮೇಲಿದೆ. ‘ಮಗಳು ಕೊಟ್ಟ ಮನೆಯವಳು, ಅವಳಿಂದ ಕೇಳಬಾರದು’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಮದುವೆಯಾದ, ಸ್ವಂತ ಆದಾಯವಿರುವ ಮಗಳೂ ಹೆತ್ತವರಿಗೆ ಜೀವನಾಂಶ ಕೊಡಬೇಕೆಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿತ್ತು. ಆಸ್ತಿಯಲ್ಲಿ ಸಮಪಾಲು ಪಡೆಯುವ ಮಗಳು ಹೊಣೆಯಲ್ಲೂ ಪಾಲುದಾರಳಾಗುವುದು ನ್ಯಾಯವೇ ಸರಿ. ಆದರೆ ಹಿಸ್ಸೆ ಮಾಡುವಾಗ ಅವಳನ್ನು ಬಿಟ್ಟು, ಖರ್ಚಿನ ದಿನ ಮಾತ್ರ ಕರೆಯುವ ಅಣ್ಣತಮ್ಮಂದಿರು ಮೊದಲು ತಮ್ಮ ನಡೆಯನ್ನು ತಿದ್ದಿಕೊಳ್ಳಬೇಕು.

ಕಾಯ್ದೆಯಲ್ಲಿನ ‘ಮಕ್ಕಳು’ ಎಂಬ ವ್ಯಾಖ್ಯೆಯಲ್ಲಿ ಸೊಸೆಯ ಹೆಸರಿಲ್ಲ. ಕಾನೂನು ಯಾರ ಮೇಲೆ ಹೊಣೆ ಹೊರಿಸಿಲ್ಲವೋ ಅವಳೇ ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಾಳೆ. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಾದರೆ, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರು ಹೊಣೆಗಾರರು. ಅವರು ಹಲವರಿದ್ದರೆ, ಆಸ್ತಿಯಲ್ಲಿ ಬರುವ ಪಾಲಿನ ಪ್ರಮಾಣದಲ್ಲೇ ಖರ್ಚನ್ನೂ ಕೊಡಬೇಕು.

ಮಕ್ಕಳ ನಡುವೆ ಯಾರಿಗೆ ಎಷ್ಟು ಎಂಬ ಸೂತ್ರವನ್ನು ಕಾಯ್ದೆ ಕೊಟ್ಟಿಲ್ಲ. ತಲೆಗೆ ಇಷ್ಟು ಎಂದು ಸಮನಾಗಿ ಹಂಚುವುದು ಸುಲಭವಾದರೂ, ಕಡಿಮೆ ಗಳಿಸುವವನಿಗೆ ಅದು ಅನ್ಯಾಯ. ಆದಾಯದ ಪ್ರಮಾಣದಲ್ಲಿ ವಂತಿಗೆ ಹಾಕುವುದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕಲ್ಪಿತ ಕುಟುಂಬದ ಲೆಕ್ಕವನ್ನು ನೋಡಿ. ಗಿರಣಿ ಕಾರ್ಮಿಕರಾಗಿದ್ದವರ ಪತ್ನಿ, 76 ವರ್ಷದ ತಾಯಿ, ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಹಿರಿಯ ಮಗನ ಮನೆಯಲ್ಲಿದ್ದಾರೆ. ಅವರಿಗೆ ಕುಟುಂಬ ಪಿಂಚಣಿ 1,000 ರೂಪಾಯಿ, ಜಗಳೂರು ಕಡೆಯ ಹೊಲದ ಫಸಲಿನಿಂದ ತಿಂಗಳ ಸರಾಸರಿ 3,000 ರೂಪಾಯಿ ಬರುತ್ತದೆ. ನಗದಾಗಿ ಆಗುವ ಖರ್ಚು 13,000, ಸೊಸೆಯ ಆರೈಕೆಗೆ ಕಟ್ಟಿದ ಬೆಲೆ 6,000, ಒಟ್ಟು 19,000. ತಾಯಿಯ ಆದಾಯ ಕಳೆದರೆ ಮಕ್ಕಳು ಹೊರಬೇಕಾದದ್ದು 15,000. ಹಿರಿಯ ಮಗನ ಗಳಿಕೆ 20,000, ಬೆಂಗಳೂರಿನಲ್ಲಿರುವ ಕಿರಿಯ ಮಗನದು 60,000, ಚಳ್ಳಕೆರೆಯಲ್ಲಿ ಶಿಕ್ಷಕಿಯಾಗಿರುವ ಮಗಳದು 40,000 ಎಂದಾದರೆ, ಅವರವರ ಪಾಲು ಕ್ರಮವಾಗಿ 2,500, 7,500 ಮತ್ತು 5,000 ರೂಪಾಯಿ.

ಇಲ್ಲಿ ಹಿರಿಯ ಮಗ ತನ್ನ 2,500 ರೂಪಾಯಿಯನ್ನು ನಗದಾಗಿ ಕೊಡಬೇಕಾಗಿಲ್ಲ. ಅವನ ಮನೆಯಿಂದ 6,000 ರೂಪಾಯಿಯ ದುಡಿಮೆ ಆಗಲೇ ಸಂದಿದೆ. ಉಳಿದಿಬ್ಬರು ಕಳುಹಿಸುವ 12,500ರಲ್ಲಿ 9,000 ತಾಯಿಯ ಖರ್ಚಿಗೆ ಹೋದರೆ, ಮಿಕ್ಕ 3,500 ರೂಪಾಯಿ ಸೊಸೆಯ ಸ್ವಂತ ಖಾತೆಗೆ ಸೇರಬೇಕು. ಹೀಗೆ ಬರೆದು ನೋಡಿದಾಗ, ‘ಅಮ್ಮ ಅಣ್ಣನ ಮನೆಯಲ್ಲೇ ಇದ್ದಾರಲ್ಲ, ಅವನಿಗೇನು ಖರ್ಚು’ ಎಂದು ದೂರದಲ್ಲಿರುವವರು ಆಡುವ ಮಾತು ಎಷ್ಟು ತಪ್ಪೆಂಬುದು ಅವರಿಗೇ ತಿಳಿಯುತ್ತದೆ.

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಹಣ ಬ್ಯಾಂಕಿನ ಮೂಲಕವೇ ಜಮೆಯಾಗಲಿ. ಆಸ್ಪತ್ರೆಯ ತುರ್ತಿಗೆ ಬೇರೆ ಖಾತೆಯಲ್ಲಿ ಸ್ವಲ್ಪ ಸ್ವಲ್ಪ ಕೂಡಿಡಿ. ಯುಗಾದಿಗೆ ಎಲ್ಲರೂ ಊರಿಗೆ ಬಂದಾಗ ಲೆಕ್ಕವನ್ನು ಮತ್ತೆ ನೋಡಬಹುದು. ಎರಡೆರಡು ತಿಂಗಳ ಪಾಳಿಯಂತೆ ಹೆತ್ತವರನ್ನು ಮನೆಯಿಂದ ಮನೆಗೆ ಸಾಗಿಸುವ ಪದ್ಧತಿಯನ್ನು ಅವರು ತಾವಾಗಿ ಬಯಸಿದರೆ ಮಾತ್ರ ಇಟ್ಟುಕೊಳ್ಳಿ. ಮರೆವಿನ ಕಾಯಿಲೆ ಇರುವವರಿಗೆ ಜಾಗ ಬದಲಾದಷ್ಟೂ ಗೊಂದಲ ಹೆಚ್ಚುತ್ತದೆ.

ಆಸ್ತಿ ಬರೆದುಕೊಡುವ ಮುನ್ನ

ಚನ್ನಗಿರಿಯ ಅಡಿಕೆ ತೋಟವಿರಲಿ, ಮೊಳಕಾಲ್ಮುರಿನ ಒಣಭೂಮಿಯಿರಲಿ, ಹಿರಿಯರು ತಾವು ಬದುಕಿರುವಾಗಲೇ ಎಲ್ಲವನ್ನೂ ಬರೆದುಕೊಡುವ ಆತುರ ಮಾಡಬಾರದು. ಕೊಡಲೇಬೇಕಾದರೆ, ‘ಊಟ, ವಸತಿ, ಔಷಧೋಪಚಾರಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದೇನೆ’ ಎಂಬ ಮಾತು ದಾನಪತ್ರದಲ್ಲಿ ಸ್ಪಷ್ಟವಾಗಿರಬೇಕು. ಅಂಥ ಷರತ್ತಿದ್ದು, ಪಡೆದವರು ಅದನ್ನು ಪಾಲಿಸದಿದ್ದರೆ, ಕಾಯ್ದೆಯ 23ನೇ ಕಲಮಿನ ಅಡಿಯಲ್ಲಿ ಆ ವರ್ಗಾವಣೆಯನ್ನು ರದ್ದುಗೊಳಿಸುವಂತೆ ಕೇಳಬಹುದು. ಷರತ್ತು ಇತ್ತೆಂಬುದನ್ನು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಕಾಯ್ದೆಯನ್ನು ಹಿರಿಯರ ಹಿತಕ್ಕೆ ಒದಗುವಂತೆ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಒಬ್ಬ ತಾಯಿ ಮಗನಿಗೆ ಕೊಟ್ಟಿದ್ದ ದಾನಪತ್ರವನ್ನು ರದ್ದುಪಡಿಸಿದ್ದನ್ನು ಎತ್ತಿಹಿಡಿಯಿತು. ಆದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಒಂದು ಸಾಲು ಹೆಚ್ಚು ಬರೆಸುವುದು, ದೆಹಲಿಯವರೆಗೆ ಹೋಗಿ ವಾದಿಸುವುದಕ್ಕಿಂತ ಎಷ್ಟೋ ಸುಲಭ.

ಮಾತು ಮುರಿದರೆ

ಮನೆಯೊಳಗೆ ಒಪ್ಪಂದವಾಗದಿದ್ದಾಗ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನಿರ್ವಹಣಾ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹಿರಿಯರು ತಾವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದಾದ್ದರಿಂದ, ಹಿರಿಯೂರಿನ ತಂದೆ ಬೆಂಗಳೂರಿನ ಮಗನನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಬರಲಾಗದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು. ಮಂಡಳಿ ತಾನಾಗಿಯೂ ವಿಚಾರಣೆ ಕೈಗೆತ್ತಿಕೊಳ್ಳಬಹುದು. ಅರ್ಜಿಯ ಜೊತೆಗೆ ವಯಸ್ಸಿನ ದಾಖಲೆ, ಮಕ್ಕಳ ವಿಳಾಸ, ಔಷಧದ ಚೀಟಿಗಳು, ಪಾಸ್‌ಬುಕ್ಕಿನ ಪ್ರತಿ ಮತ್ತು ಮೇಲೆ ಹೇಳಿದ ಖರ್ಚಿನ ಪಟ್ಟಿ ಇರಲಿ. ಒಬ್ಬ ಮಗನ ಮೇಲೆ ಮಾತ್ರ ಅರ್ಜಿ ಬಂದಿದ್ದರೆ, ಹೊಣೆಯಿರುವ ಉಳಿದವರನ್ನೂ ಸೇರಿಸುವಂತೆ ಅವನು ಕೇಳಬಹುದು.

ವಿಚಾರಣೆಗೆ ಮುನ್ನ ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸಬಹುದು. ನೋಟಿಸು ತಲುಪಿದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ 30 ದಿನ ಮುಂದೂಡಬಹುದು. ಅಷ್ಟರವರೆಗೆ ಕಾಯಲಾಗದವರು ಮಧ್ಯಂತರ ಭತ್ಯೆ ಕೇಳಲು ಮರೆಯಬಾರದು. ಕಾಯ್ದೆಯಲ್ಲಿ ನಿಗದಿಯಾಗಿರುವ ಗರಿಷ್ಠ ಜೀವನಾಂಶ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಹಾಕಿದ ಈ ಮಿತಿ, ಹಾಸಿಗೆ ಹಿಡಿದ ಒಬ್ಬರ ಇಂದಿನ ಖರ್ಚಿಗೆ ಸಾಲುವುದಿಲ್ಲ. ಉಚಿತ ಕಾನೂನು ಸಲಹೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಾರ್ಗದರ್ಶನಕ್ಕೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ತೀರ್ಪು ಸಮಾಧಾನ ತರದಿದ್ದರೆ ಹಿರಿಯರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದೇಶವಾದ ಮೇಲೂ ಹಣ ಬಾರದಿದ್ದರೆ, ವಸೂಲಿಗೆ ವಾರಂಟು ಹೊರಡಿಸುವ ಮತ್ತು ಒಂದು ತಿಂಗಳವರೆಗೆ ಸೆರೆವಾಸ ವಿಧಿಸುವ ಅಧಿಕಾರ ಮಂಡಳಿಗಿದೆ. ಆದರೆ ಬಾಕಿ ಹಣ ಸಲ್ಲಬೇಕಾಗಿದ್ದ ದಿನದಿಂದ ಮೂರು ತಿಂಗಳೊಳಗೆ ವಸೂಲಿಯ ಅರ್ಜಿ ಹಾಕಬೇಕು. ಹಾಗಾಗಿ ಪಾಸ್‌ಬುಕ್ಕನ್ನು ತಿಂಗಳು ತಿಂಗಳೂ ನಮೂದು ಮಾಡಿಸಿ, ಒಂದು ಕಂತು ತಪ್ಪಿದ್ದು ಕಂಡ ಕೂಡಲೇ ಮಂಡಳಿಗೆ ಬರೆದು ತಿಳಿಸಿ.