ದೋಣಿಯ ಟಾರ್ಪಾಲು ಹರಿದಾಗ ನಾನು ಮಾಡಿದ್ದು

ನಮ್ಮ ಮನೆ ಉಡುಪಿ ಕಡೆಯ ಕೋಡಿಬೆಂಗ್ರೆ ಹತ್ತಿರ, ಹೊಳೆ ಬದಿಯಲ್ಲಿ. 18 ಅಡಿಯ ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ದೊಡ್ಡ ಯಾಂತ್ರಿಕ ಬೋಟುಗಳಿಗೆ, ಆದರೆ ಆ ಮಳೆಗಾಳಿಯಲ್ಲಿ ನಾನೂ ಇಳಿಸುವುದಿಲ್ಲ. ದಡಕ್ಕೆ ಎಳೆದು ಟಾರ್ಪಾಲು ಹೊದಿಸಿಬಿಡುತ್ತೇನೆ.

ಎರಡು ವರ್ಷ ತೆಳು ನೀಲಿ ಶೀಟು ತಂದೆ. ಎರಡು ಸಲವೂ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಚಿಂದಿ. ಶೀಟು ಮಾಡಿದವರನ್ನು ಬೈಯುತ್ತಾ ನಿಂತಿದ್ದಾಗ ಪಕ್ಕದ ಮನೆಯ ಹಿರಿಯರು ಬಂದು, "ಶೀಟಿಗೆ ಎಂತಕ್ಕೆ ಬೈತೀಯಾ ಮಾರಾಯ, ಅಡಿಯಲ್ಲಿ ಎಂತ ಉಂಟು ನೋಡು" ಅಂದರು. ನೋಡಿದೆ. ಒಂದು ತೂತು ಸರಿಯಾಗಿ ಇಂಜಿನ್ ಕೂರಿಸುವ ಬೋಲ್ಟಿನ ಮೇಲೆ. ಇನ್ನೊಂದು ನಡುವೆ, ನೀರು ನಿಂತು ಶೀಟು ಹೊಟ್ಟೆಯ ಹಾಗೆ ಜೋತು ಬೀಳುತ್ತಿದ್ದ ಜಾಗದಲ್ಲಿ. ಅಲ್ಲಿ ಮೂರ್ನಾಲ್ಕು ಕೊಡ ನೀರು ಸುಮ್ನೆ ನಿಲ್ಲುತ್ತಿತ್ತು.

ಮೊದಲು ತೇಪೆ ಹಾಕಲು ಹೋಗಿ ಕೈಸುಟ್ಟುಕೊಂಡೆ. ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಚ್ಚಿದೆ, ಎರಡನೇ ದಿನ ಸಿಪ್ಪೆಯ ಹಾಗೆ ಎದ್ದು ಬಂತು. ಈ ಶೀಟು ಪಾಲಿಥೀನ್, ಅದಕ್ಕೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ. ಇಸ್ತ್ರಿ ಪೆಟ್ಟಿಗೆ ಒತ್ತಿದೆ, ತೂತು ಇನ್ನೂ ದೊಡ್ಡದಾಯಿತು (ಇಸ್ತ್ರಿ ಪೆಟ್ಟಿಗೆಯೂ ಹಾಳು, ಮನೆಯಲ್ಲಿ ಇವತ್ತಿಗೂ ಮಾತು ಕೇಳುತ್ತಿದ್ದೇನೆ). ಕೊನೆಗೆ ಹಳೇ ಶೀಟಿನ ತುಂಡನ್ನು ಎರಡೂ ಬದಿಗೆ ಇಟ್ಟು, ಬಲೆ ಕಟ್ಟುವ ನೈಲಾನ್ ದಾರದಿಂದ ಹೊಲಿದೆ. ಆ ಮಳೆಗಾಲ ಹೇಗೋ ದಾಟಿತು, ಆದರೆ ಸೂಜಿ ತೂತಿನಲ್ಲಿ ನೀರು ಜಿನುಗುತ್ತಿತ್ತು.

ಮುಂದಿನ ವರ್ಷ ಹೊಸದೇ ತಂದೆ, 24 ಅಡಿ ಉದ್ದ, 12 ಅಡಿ ಅಗಲ. ಕೊಳ್ಳುವಾಗ ತೂಕ ಹಾಕಿಸಿ. ಈ ಅಳತೆಗೆ ಹತ್ತಿರ ಹತ್ತಿರ 27 ಚದರ ಮೀಟರ್ ಆಗುತ್ತದೆ, 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ) ಆದರೆ ಸುಮಾರು ಐದೂಕಾಲು, ಐದೂವರೆ ಕೆಜಿ ತೂಗಬೇಕು. ಒಂದು ಅಂಗಡಿಯಲ್ಲಿ 200 ಅಂತ ಕೊಟ್ಟಿದ್ದು ನಾಲ್ಕೇ ಕೆಜಿ ತೂಗಿತು, ಅಂದರೆ 150 ಅಷ್ಟೇ. ಏನೂ ಹೇಳದೆ ಎದ್ದು ಬಂದೆ.

ಆದರೆ ನಿಜವಾದ ಕೆಲಸ ಶೀಟಿನ ಅಡಿಯಲ್ಲಿತ್ತು. ದೋಣಿಯ ಉದ್ದಕ್ಕೆ ನಡುವೆ ಒಂದು ಬಿದಿರು, ಅಂಚಿನಿಂದ ಎರಡಡಿ ಎತ್ತರಕ್ಕೆ, ಮೂರು ಕವಲು ಗೂಟದ ಮೇಲೆ ಕೂರಿಸಿದೆ. ಬಿದಿರಿನ ತುದಿಗೆ, ಬೋಲ್ಟಿಗೆ, ಚೂಪಾಗಿರುವ ಕಡೆಗೆಲ್ಲ ಹಳೇ ಟ್ಯೂಬು ಸುತ್ತಿದೆ. ಈಗ ಮಳೆ ನೀರು ಬಿದ್ದ ಹಾಗೇ ಜಾರಿಹೋಗುತ್ತದೆ.

ಶೀಟಿನ ಮೂಲೆಯಲ್ಲಿ ಹಗ್ಗ ಕಟ್ಟುವ ರಿಂಗು ಕಿತ್ತುಬರುವುದು ಎಲ್ಲರಿಗೂ ಆಗುವುದೇ ಅಲ್ವಾ? ರಿಂಗನ್ನು ನಾನು ನಂಬುವುದಿಲ್ಲ. ಅಂಚಿನ ಒಳಬದಿಗೆ ಒಂದು ಗೋಟಡಿಕೆ (ಇಡೀ ಒಣ ಅಡಿಕೆ) ಇಟ್ಟು, ಶೀಟನ್ನು ಅದರ ಸುತ್ತ ಮುದುರಿ, ಕುತ್ತಿಗೆಗೆ ಹಗ್ಗ ಬಿಗಿದೆ. ತೂತು ಮಾಡದೆ ಹಿಡಿಯುತ್ತದೆ. ಹಗ್ಗ ಮತ್ತು ಗೂಟದ ನಡುವೆ ಒಂದು ಟ್ಯೂಬಿನ ತುಂಡು ಕಟ್ಟಿದರೆ ಗಾಳಿ ಜೋರಾಗಿ ಹೊಡೆದಾಗ ಅದು ಎಳೆದುಕೊಳ್ಳುತ್ತದೆ, ಶೀಟು ಹರಿಯುವುದಿಲ್ಲ.

ಎರಡು ತುದಿ ಮಾತ್ರ ಪೂರ್ತಿ ಮುಚ್ಚಬೇಡಿ. ಮೊದಲ ಸಲ ಮುಚ್ಚಿ, ಒಳಗೆ ಹಲಗೆಯೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ದೋಣಿಯ ಅಡಿಯ ಬೂಚು ತೆಗೆದಿಡಿ, ಸ್ವಲ್ಪ ನೀರು ಒಳಗೆ ಬಿದ್ದರೂ ಹರಿದುಹೋಗಲಿ.

ಕಳೆದ ಆಗಸ್ಟಿನಲ್ಲಿ ಬಿಚ್ಚಿದಾಗ ಹದಿನಾಲ್ಕರಲ್ಲಿ ಒಂದು ಅಡಿಕೆ ಮಾತ್ರ ಜಾರಿತ್ತು. ಹಳೇ ನೀಲಿ ಶೀಟು ಈಗ ಸೌದೆ ರಾಶಿಯ ಮೇಲಿದೆ.