ಮನೆಯ ಕವಿಯ ಕಾಗದಗಳು: ಉಳಿಸೋದು ಹೇಗೆ, ತಿದ್ದೋದು ಎಷ್ಟು

ಮನೆಯಲ್ಲಿ ಕವಿತೆ ಬರೆಯುತ್ತಿದ್ದವರು ತೀರಿಕೊಂಡರೆ, ತಿಂಗಳು ತುಂಬುವುದರೊಳಗೆ ಯಾರಾದರೂ ಒಬ್ಬರು "ಆ ಕೋಣೆ ಖಾಲಿ ಮಾಡೋಣ" ಅಂದೇ ಅನ್ನುತ್ತಾರೆ. ಆ ಮಾತು ಬರುವ ಮೊದಲೇ ಬೀಗದಕೈ ನಿಮ್ಮ ಹತ್ತಿರ ಇರಲಿ. ನಾನು ನನ್ನ ದೊಡ್ಡಪ್ಪನ ಕಾಗದಪತ್ರ ನೋಡಿಕೊಳ್ಳಲು ಶುರು ಮಾಡಿ ಎಂಟು ವರ್ಷ ಆಯಿತು. ಸರಿಯಾಗಿ ಮಾಡಿದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೆ, ಏನನ್ನೂ ವಿಂಗಡಿಸಬೇಡಿ. ಕಪಾಟು, ಮೇಜಿನ ಖಾನೆ, ಟ್ರಂಕು ಎಲ್ಲವೂ ಹೇಗಿವೆಯೋ ಹಾಗೇ ಫೋಟೋ ತೆಗೆಯಿರಿ. ನಾನು ಮೊದಲ ದಿನವೇ ಜಾಣತನ ತೋರಿಸಲು ಹೋಗಿ ಕವಿತೆ ಒಂದು ಕಡೆ, ಪತ್ರ ಒಂದು ಕಡೆ, ಹಳೇ ಬಿಲ್ಲುಗಳು ಇನ್ನೊಂದು ಕಡೆ ಅಂತ ಹಾಕಿದೆ. ಬಿಲ್ಲುಗಳು ರದ್ದಿಗೆ ಹೋದವು. ದೊಡ್ಡಪ್ಪ ಕವಿತೆಗೆ ತಾರೀಕು ಹಾಕುತ್ತಿರಲಿಲ್ಲ, ಆ ತಿಂಗಳ ಬಿಲ್ಲಿನೊಳಗೆ ಮಡಚಿ ಇಡುತ್ತಿದ್ದರು ಅನ್ನೋದು ಹೊಳೆದದ್ದು ಆಮೇಲೆ.

ಇದೇ ತಪ್ಪು ದೊಡ್ಡ ಮಟ್ಟದಲ್ಲೂ ಆಗಿದೆ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ 1886ರಲ್ಲಿ ತೀರಿಕೊಂಡಾಗ ಅವರ ತಂಗಿ ಲವಿನಿಯಾಗೆ ಸಿಕ್ಕಿದ್ದು ಕೈಯಿಂದ ಹೊಲಿದ ಸುಮಾರು 40 ಪುಟ್ಟ ಹೊತ್ತಗೆಗಳು. ಪ್ರಕಟಿಸುವ ಭರದಲ್ಲಿ ಆ ಹೊಲಿಗೆ ಬಿಚ್ಚಿ ಹೋಯಿತು, ಹಾಳೆಗಳು ಕಲಸಿಹೋದವು. ಕೊನೆಗೆ ಆರ್. ಡಬ್ಲ್ಯೂ. ಫ್ರಾಂಕ್ಲಿನ್ ಅನ್ನುವವರು ಸೂಜಿ ತೂತು, ಕಲೆಗಳ ಗುರುತು ಇಂಥದ್ದನ್ನೆಲ್ಲ ಹೊಂದಿಸಿ ನೋಡಿ ಹಳೆಯ ಅನುಕ್ರಮ ಕಟ್ಟಿ ಪ್ರಕಟಿಸಿದ್ದು 1981ರಲ್ಲಿ. ಹಾಗಾಗಿ ಕಟ್ಟು ಬಿಚ್ಚುವ ಮೊದಲು ಪ್ರತಿ ಹಾಳೆಯ ಹಿಂದೆ, ಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಪೆನ್ನು ಬೇಡವೇ ಬೇಡ.

ಕಾಗದ ಕಾಪಾಡೋದು ಅಷ್ಟು ಕಷ್ಟ ಇಲ್ಲ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್ ಮೆಲ್ಲಗೆ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿಸಿದರಂತೂ ಮುಗಿಯಿತು, ಮತ್ತೆ ಬಿಡಿಸಲು ಆಗೋದಿಲ್ಲ. ಆಮ್ಲರಹಿತ ಫೋಲ್ಡರ್, ಗಟ್ಟಿ ಡಬ್ಬಿ, ತೇವ ಇಲ್ಲದ ತಂಪು ಜಾಗ. ಅಟ್ಟ ಬೇಡ.

ಸ್ಕ್ಯಾನ್ ಮಾಡುವಾಗ 400 ಡಿಪಿಐ (ಇಂಚಿಗೆ 400 ಚುಕ್ಕಿ), ಬಣ್ಣದಲ್ಲಿ, ಟಿಫ್ ಅನ್ನುವ ಬಗೆಯ ಚಿತ್ರದ ಫೈಲಾಗಿ ಇಡಿ. ಖಾಲಿ ಅನ್ನಿಸಿದ ಹಿಂಬದಿಯನ್ನೂ ಬಿಡಬೇಡಿ. ಮೊಬೈಲ್ ಆ್ಯಪ್‌ಗಳು "ಸ್ವಚ್ಛ" ಮಾಡುವ ನೆಪದಲ್ಲಿ ಅಂಚಿನ ತೆಳು ಪೆನ್ಸಿಲ್ ಬರಹವನ್ನೇ ಅಳಿಸಿಬಿಡುತ್ತವೆ, ಆ ಸೆಟ್ಟಿಂಗ್ ಆಫ್ ಮಾಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. "ನುಡಿ", "ಬರಹ" ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೇ ಫೈಲುಗಳಿದ್ದರೆ ಈಗಲೇ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ತನ್ನಿ. ಬದಲಾದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಎಡವಟ್ಟು ಅಲ್ಲೇ ಜಾಸ್ತಿ.

ಆಮೇಲೆ ಒಂದು ಪಟ್ಟಿ ಮಾಡಿ. ಶೀರ್ಷಿಕೆ ನಂಬಬೇಡಿ, ಕವಿಗಳು ಅದನ್ನು ಬದಲಾಯಿಸುತ್ತಲೇ ಇರುತ್ತಾರೆ. ಮೊದಲ ಸಾಲೇ ಕವಿತೆಯ ಹೆಸರಾಗಲಿ.

ಈಗ ನಿಜವಾದ ಕಷ್ಟ. ನೀವು ಸಂಬಂಧಿಕರು, ಆ ಕೈಬರಹ ನಿಮಗೆ ಗೊತ್ತು, ಆ ಮನುಷ್ಯ ಗೊತ್ತು. ಅದೇ ಅಪಾಯ. ದೊಡ್ಡಪ್ಪನ ಕೊನೆಯ ನೋಟುಬುಕ್ಕಿನಲ್ಲಿ ಒಂದು ಸಾಲಿತ್ತು: "ಸಾವು ಬಂದ ದಾರಿಗೆ ಬಾಗಿಲಿಲ್ಲ." ಓದಿ ಮನೆಯವರೆಲ್ಲ ಅತ್ತೆವು. ಟೈಪ್ ಮಾಡಿದೆ, ಪ್ರೂಫ್ ನೋಡಿದೆ, ಪುಸ್ತಕ ಅಚ್ಚಿಗೆ ಹೋಗುವ ವಾರ ಯಾಕೋ ಸುಮ್ನೆ ಆ ಪುಟ ದೊಡ್ಡದು ಮಾಡಿ ನೋಡಿದೆ. ಅವರ ಕೈಯಲ್ಲಿ ಸ ಮತ್ತು ನ ಹೆಚ್ಚು ಕಡಿಮೆ ಒಂದೇ ಥರ. ಅದೇ ಪುಟದ "ಸಂಜೆ", "ಸಾಲು" ಪದಗಳಲ್ಲಿ ಸ ಶುರುವಾಗುವ ಕಡೆ ಒಂದು ಸಣ್ಣ ಕೊಂಡಿ ಇತ್ತು. ಇಲ್ಲಿ ಇರಲಿಲ್ಲ. ಹಳೆಯ ಕರಡು ಹುಡುಕಿದೆ, ಅದರಲ್ಲಿ "ನಾವಿಬ್ಬರೂ ಬಂದ ದಾರಿ" ಅಂತ ಸ್ಪಷ್ಟವಾಗಿತ್ತು. ಅಂದರೆ ಸಾಲು "ನಾವು ಬಂದ ದಾರಿಗೆ ಬಾಗಿಲಿಲ್ಲ". ಅವರು ಆಸ್ಪತ್ರೆಯಲ್ಲಿದ್ದರು, ನಾವು ಸಾವನ್ನೇ ಓದಿಕೊಂಡೆವು. ಚಿಕ್ಕಮ್ಮ ಈಗಲೂ ಒಪ್ಪಿಲ್ಲ ಬಿಡಿ.

ಅದಕ್ಕೇ, ಅನುಮಾನ ಬಂದ ಪದವನ್ನು ಆ ಕೈಬರಹದ ಬೇರೆ ಪದಗಳ ಜೊತೆ ಇಟ್ಟು ನೋಡಿ, ಕರಡು ನೋಡಿ, ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಅದನ್ನೂ ನೋಡಿ. ಆಮೇಲೂ ತೀರ್ಮಾನ ಆಗದಿದ್ದರೆ ಒಂದನ್ನು ಇಟ್ಟು ಇನ್ನೊಂದನ್ನು ಪುಸ್ತಕದ ಕೊನೆಗೆ ಪಾಠಾಂತರ (ಅದೇ ಸಾಲಿನ ಇನ್ನೊಂದು ಓದು) ಅಂತ ಕೊಡಿ. ಹಲವು ಕರಡುಗಳಿದ್ದರೆ ಕವಿ ಕೊನೆಗೆ ಒಪ್ಪಿದ್ದು ಯಾವುದು ಅಂತ ಕೇಳಿಕೊಳ್ಳಿ, ನಿಮಗೆ ಚೆಂದ ಕಂಡದ್ದು ಯಾವುದು ಅಂತ ಅಲ್ಲ. ಆಡುಮಾತಿನ ಪದವನ್ನು "ಶುದ್ಧ" ಮಾಡಬೇಡಿ. ಪ್ರಾಸಕ್ಕೋಸ್ಕರ ಪದ ತಿರುಚಿದ್ದರೆ ಅದು ಅವರ ಹಕ್ಕು. ಡಿಕಿನ್ಸನ್‌ರ 1890ರ ಮೊದಲ ಸಂಕಲನದಲ್ಲಿ ಸಂಪಾದಕರು ವಿರಾಮಚಿಹ್ನೆ ಬದಲಿಸಿದರು, ಇಲ್ಲದ ಶೀರ್ಷಿಕೆ ಹಾಕಿದರು. ಕವಿತೆಗಳೆಲ್ಲ ಬಹುಮಟ್ಟಿಗೆ ಡಿಕಿನ್ಸನ್ ಬರೆದಂತೆಯೇ ಓದುಗರಿಗೆ ಸಿಕ್ಕಿದ್ದು 1955ರಲ್ಲಿ. ಕವಿತೆಗಳ ಅನುಕ್ರಮಕ್ಕೂ ಇದೇ ಮಾತು. ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ ಸಾಯುವ ಮೊದಲು ಜೋಡಿಸಿಟ್ಟಿದ್ದ "ಏರಿಯಲ್" ಸಂಕಲನವನ್ನು ಗಂಡ ಟೆಡ್ ಹ್ಯೂಸ್ ಬೇರೆ ಥರ ಜೋಡಿಸಿ, ಕೆಲವನ್ನು ಕೈಬಿಟ್ಟು 1965ರಲ್ಲಿ ತಂದರು. ಪ್ಲಾತ್ ಇಟ್ಟಿದ್ದ ಅನುಕ್ರಮದಲ್ಲೇ ಅದು ಬಂದಿದ್ದು 2004ರಲ್ಲಿ, ಮಗಳ ಮುನ್ನುಡಿಯೊಂದಿಗೆ.

ಖಾಸಗಿ ಪತ್ರಗಳ ವಿಷಯದಲ್ಲಿ ಮನೆಯಲ್ಲಿ ಜಗಳ ಆಗೇ ಆಗುತ್ತದೆ. ಸುಡಲು ಮಾತ್ರ ಬಿಡಬೇಡಿ. ಲಕೋಟೆಗೆ ಹಾಕಿ, ಅಂಟಿಸಿ, ಇಂಥ ವರ್ಷದವರೆಗೆ ತೆರೆಯಬಾರದು ಅಂತ ಬರೆದಿಡಿ. ಬೇರೆಯವರು ಕವಿಗೆ ಬರೆದ ಪತ್ರದ ಕಾಗದ ನಿಮ್ಮದಿರಬಹುದು, ಅದರ ಹಕ್ಕುಸ್ವಾಮ್ಯ ಬರೆದವರದ್ದು. ಅವರನ್ನೋ ಅವರ ಮಕ್ಕಳನ್ನೋ ಕೇಳದೆ ಅಚ್ಚು ಹಾಕುವಂತಿಲ್ಲ.

ಹಕ್ಕಿನ ಲೆಕ್ಕ ಹೀಗಿದೆ. ಭಾರತದಲ್ಲಿ ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ, ಹಲವು ದೇಶಗಳಲ್ಲಿ 70. ಬದುಕಿದ್ದಾಗ ಪ್ರಕಟವಾಗದ ಕವಿತೆಗೆ ನಮ್ಮ ಕಾನೂನಿನಲ್ಲಿ ಆ 60 ವರ್ಷ ಶುರುವಾಗುವುದು ಮೊದಲು ಪ್ರಕಟವಾದ ಮರುವರ್ಷದಿಂದ. ವಿಲ್ ಇಲ್ಲದಿದ್ದರೆ ಹಕ್ಕು ನಿಮ್ಮೊಬ್ಬರದೇ ಆಗಿರುವುದಿಲ್ಲ, ವಾರಸುದಾರರೆಲ್ಲರ ಸಹಿ ಒಂದೇ ಕಾಗದದಲ್ಲಿ ತೆಗೆದುಕೊಳ್ಳಿ, ಎಲ್ಲರೂ ಮಾತಾಡುತ್ತಿರುವಾಗಲೇ. ಪ್ರಕಾಶಕರ ಜೊತೆ ಬಾಯಿಮಾತು ಬೇಡ. ನಮ್ಮ ಮೊದಲ ಪ್ರಕಾಶಕರು ಎಷ್ಟು ಪ್ರತಿ ಅಚ್ಚಾಯಿತು ಅಂತ ಇವತ್ತಿಗೂ ಹೇಳಿಲ್ಲ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಐದು ವರ್ಷ ಅಂತ ತಿಳಿಯುತ್ತದೆ, ಆದರೂ ನೀವೇ ಬರೆಸಿ.

ಕೊನೆಗೆ ಮೂಲಪ್ರತಿಗಳನ್ನು ಯಾವುದಾದರೂ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಕೊಡುವ ಹಂತ ಬರುತ್ತದೆ. ಸನ್ಮಾನ, ಶಾಲು ಎಲ್ಲ ಆಮೇಲೆ. ಮೊದಲು ಒಳಗೆ ಹೋಗಿ ಅವರು ಈಗಾಗಲೇ ಪಡೆದಿರುವ ಬೇರೊಬ್ಬರ ಸಂಗ್ರಹ ತೋರಿಸಿ ಅನ್ನಿ. ಡಬ್ಬಿಯ ಮೇಲೆ ನಂಬರ್ ಇದೆಯಾ, ಕೇಳಿದ ಹಾಳೆ ಅರ್ಧ ಗಂಟೆಯಲ್ಲಿ ಸಿಗುತ್ತದಾ ನೋಡಿ. ಸಿಗದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.